ಹಳದಿ ಬಿದ್ದಾಗ ಕಾಲು ಯಾವುದರ ಮೇಲೆ?

ಠಾಣೆ ನಗರದ ತೀನ್ ಹಾಥ್ ನಾಕಾದಲ್ಲಿ ಸಂಜೆ ಏಳರ ಸುಮಾರಿಗೆ ಫ್ಲೈಓವರ್‌ನ ಕೆಳಗೆ ನಿಂತು ನೋಡಿ. ಹಸಿರು ಹೋಗಿ ಹಳದಿ ಬೀಳುತ್ತದೆ. ಆ ಕ್ಷಣ ಯಾವ ವಾಹನವೂ ನಿಧಾನವಾಗುವುದಿಲ್ಲ, ಎಲ್ಲವೂ ಒಂದಿಷ್ಟು ಜೋರಾಗುತ್ತವೆ. ಬಿಳಿ ಗೆರೆಗೆ ಹತ್ತಿರವಿದ್ದ ಕಾರು ಸರ್ರನೆ ದಾಟಿಹೋಗುತ್ತದೆ. ಹಿಂದಿದ್ದ ರಿಕ್ಷಾದವನು ಅರೆಗಳಿಗೆ ಅಳೆದು ನೋಡಿ, ಹಾರ್ನ್ ಒತ್ತಿಕೊಂಡೇ ನುಗ್ಗುತ್ತಾನೆ. ಅವನ ಬೆನ್ನಿಗೆ ಎರಡು ಸ್ಕೂಟರು, ಸ್ಕೂಟರಿನ ಬೆನ್ನಿಗೆ ತುಂಬಿ ತುಳುಕುವ ಟಿಎಂಟಿ ಬಸ್ಸು. ಬಸ್ಸಿನ ಹಿಂದಿನ ಚಕ್ರ ಗೆರೆ ದಾಟುವಷ್ಟರಲ್ಲಿ ಕೆಂಪು ಬಿದ್ದಾಗಿದೆ. ಅತ್ತ ಅಡ್ಡ ರಸ್ತೆಯಲ್ಲಿ ಬೈಕುಗಳು ಜೀಬ್ರಾ ಪಟ್ಟಿಯನ್ನು ಪೂರ್ತಿ ನುಂಗಿ ಮುಂದೆ ಬಂದು ನಿಂತಿವೆ. ತಮ್ಮ ಹಸಿರಿಗೆ ಇನ್ನೂ ಹೊತ್ತಿದೆ, ಆದರೆ ಗೇರು ಆಗಲೇ ಬಿದ್ದಿದೆ. ತಡವಾಗಿ ಒಳಹೊಕ್ಕವರೂ ಬೇಗ ಹೊರಟವರೂ ಚೌಕದ ನಡುವೆ ಎದುರಾಗುತ್ತಾರೆ.

ಬಹುತೇಕ ದಿನ ಏನೂ ಆಗುವುದಿಲ್ಲ. ಬ್ರೇಕು ಕಿರುಗುಟ್ಟುತ್ತದೆ, ಮರಾಠಿಯಲ್ಲೋ ಹಿಂದಿಯಲ್ಲೋ ಒಂದು ಬೈಗುಳ ಹಾರಿಬರುತ್ತದೆ, ಎಲ್ಲರೂ ತಂತಮ್ಮ ದಾರಿ ಹಿಡಿಯುತ್ತಾರೆ. ಏನೂ ಆಗದ ಇಂಥ ನೂರಾರು ಸಂಜೆಗಳೇ ನಮಗೆ ಧೈರ್ಯ ಕೊಟ್ಟು, ಆಗುವ ಒಂದು ಸಂಜೆಗೆ ನಮ್ಮನ್ನು ಸಿದ್ಧಪಡಿಸುತ್ತವೆ.

ಠಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ವಾಹನ ಓಡಿಸುವ ಯಾರನ್ನು ಕೇಳಿದರೂ ಇದಕ್ಕೆ ಉತ್ತರ ಸಿದ್ಧವಿದೆ: 'ನಮ್ಮ ಜನಕ್ಕೆ ಶಿಸ್ತಿಲ್ಲ.' ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಳದಿ ದೀಪದಲ್ಲಿ ಅರ್ಧ ಚಾಲಕನ ಗುಣವಿದೆ, ಇನ್ನರ್ಧ ಎಂಜಿನಿಯರನ ಲೆಕ್ಕವಿದೆ. ಚಾಲಕನನ್ನು ದಿನವೂ ಬೈಯುತ್ತೇವೆ. ಲೆಕ್ಕವನ್ನು ಕೇಳುವವರು ಯಾರೂ ಇಲ್ಲ.

ಹಳದಿ ಬಂದದ್ದು ಹೇಗೆ

ರಸ್ತೆಯ ದೀಪಕ್ಕೆ ಮೊದಲಿಗೆ ಹಳದಿ ಇರಲಿಲ್ಲ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಎದುರು ನಿಲ್ಲಿಸಿದ ಗ್ಯಾಸ್ ದೀಪದ ಕಂಬಕ್ಕೆ ಕೆಂಪು, ಹಸಿರು ಎರಡೇ ಬಣ್ಣ. ಅದು ಒಂದೇ ತಿಂಗಳಲ್ಲಿ ಸಿಡಿದು ಮೂಲೆ ಸೇರಿತು. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವಿದ್ಯುತ್ ಸಿಗ್ನಲ್ ಬಂದಾಗಲೂ ಬಣ್ಣ ಎರಡೇ ಇದ್ದು, ದೀಪ ಬದಲಾಗುವುದನ್ನು ತಿಳಿಸಲು ಬಜರ್ ಇಟ್ಟಿದ್ದರು. ಓಡುತ್ತಿರುವ ವಾಹನ ಬಣ್ಣ ಬದಲಾದ ತಕ್ಷಣ ನಿಲ್ಲಲಾರದು ಎಂಬುದು ಬಹಳ ಬೇಗ ಎಲ್ಲರಿಗೂ ಅರ್ಥವಾಯಿತು. 1920ರಲ್ಲಿ ಡೆಟ್ರಾಯಿಟ್‌ನ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ನಡುವೆ ಹಳದಿಯನ್ನು ಸೇರಿಸಿದರು.

ಹಳದಿಯ ಕೆಲಸ ಇಷ್ಟೆ: ನಿಲ್ಲಬಲ್ಲವರು ನಿಲ್ಲಬೇಕು, ನಿಲ್ಲಲಾರದಷ್ಟು ಹತ್ತಿರ ಬಂದವರು ಸುರಕ್ಷಿತವಾಗಿ ದಾಟಬೇಕು. ರಸ್ತೆ ಚಿಹ್ನೆಗಳ ಕುರಿತ 1968ರ ವಿಯೆನ್ನಾ ಒಪ್ಪಂದ ಹೇಳುವುದೂ ಇದನ್ನೇ. ಗೆರೆಯ ಮುಂದೆ ಸುರಕ್ಷಿತವಾಗಿ ನಿಲ್ಲಲು ಆಗದಷ್ಟು ಸಮೀಪವಿದ್ದರೆ ಮಾತ್ರ ಮುಂದುವರಿಯಬಹುದು, ಉಳಿದವರೆಲ್ಲ ನಿಲ್ಲಬೇಕು. ಲೈಸೆನ್ಸ್ ಪರೀಕ್ಷೆಯಲ್ಲಿ ನಾವೆಲ್ಲ ಸರಿಯುತ್ತರವನ್ನೇ ಬರೆದು ಪಾಸಾದವರು. ರಸ್ತೆಗಿಳಿದ ಮೇಲೆ ಮಾತ್ರ ಹಳದಿ ಎಂದರೆ 'ಬೇಗ ಹೋಗು' ಎಂದಾಗಿಬಿಟ್ಟಿದೆ.

ಈ ಭಾಗದವರಿಗೆ ಇದು ಬೇಗ ಅಂಟುವ ಚಾಳಿ. ಹೊರಟುಬಿಟ್ಟ ಲೋಕಲ್ ಟ್ರೇನಿನ ಬಾಗಿಲ ಕಂಬಿಯನ್ನು ಓಡಿ ಹಿಡಿಯುವಂತೆಯೇ ಇಲ್ಲಿ ಹಳದಿಯನ್ನೂ ಹಿಡಿಯುತ್ತಾರೆ. ತಪ್ಪಿದರೆ ಮುಂದಿನದು ನಾಲ್ಕು ನಿಮಿಷಕ್ಕೇ ಬರುತ್ತದೆ, ಅದು ಗೊತ್ತೂ ಇದೆ. ಆದರೂ ಬಿಡಲು ಮನಸ್ಸು ಒಪ್ಪುವುದಿಲ್ಲ.

ಅಲ್ಲೂ ಇಲ್ಲ, ಇಲ್ಲೂ ಇಲ್ಲ

ಈಗ ಲೆಕ್ಕಕ್ಕೆ ಬರೋಣ. 1960ರಲ್ಲಿ ಜನರಲ್ ಮೋಟಾರ್ಸ್‌ನ ಸಂಶೋಧನಾಲಯದಲ್ಲಿದ್ದ ಡೆನೊಸ್ ಗಾಜಿಸ್, ರಾಬರ್ಟ್ ಹರ್ಮನ್ ಹಾಗೂ ಅವರೊಡನೆ ಅಲೆಕ್ಸೈ ಮಾರಾಡುಡಿನ್ ಹಳದಿ ದೀಪದ ಸಮಸ್ಯೆಯ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಕಾನೂನನ್ನು ಅಕ್ಷರಶಃ ಪಾಲಿಸಬೇಕೆನ್ನುವ ಚಾಲಕನೂ ಪಾಲಿಸಲಾಗದ ಸಂದರ್ಭವನ್ನು ಹಳದಿಯೇ ಸೃಷ್ಟಿಸಬಹುದು ಎಂದು ಅವರು ಗಣಿತದಿಂದ ತೋರಿಸಿಕೊಟ್ಟರು. ನಿಲ್ಲಲು ದೂರ ಸಾಲದು, ದಾಟಲು ಸಮಯ ಸಾಲದು. ರಸ್ತೆಯ ಮೇಲಿನ ಆ ತುಂಡನ್ನು ಎಂಜಿನಿಯರುಗಳು ಇಕ್ಕಟ್ಟಿನ ವಲಯ ಎನ್ನುತ್ತಾರೆ.

ಲೆಕ್ಕ ಕಷ್ಟದ್ದೇನಲ್ಲ. ಹಳದಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. ಒಳಗೆ ಕೂತವರು ಮುಂದಕ್ಕೆ ಮುಗ್ಗರಿಸದಂತೆ ಬ್ರೇಕ್ ಹಾಕಿದರೆ ಕಾರಿನ ವೇಗ ಒಂದೊಂದು ಸೆಕೆಂಡಿಗೂ ಗಂಟೆಗೆ ಸುಮಾರು 11 ಕಿ.ಮೀ.ನಷ್ಟು ಇಳಿಯುತ್ತದೆ. ಹಳದಿಯ ಅವಧಿ 3 ಸೆಕೆಂಡು ಎಂದುಕೊಳ್ಳೋಣ.

ಗಂಟೆಗೆ 30 ಕಿ.ಮೀ. ವೇಗದ ಕಾರು ನಿಲ್ಲಲು ಬೇಕಾದದ್ದು ಸುಮಾರು 20 ಮೀಟರ್. 3 ಸೆಕೆಂಡಿನಲ್ಲಿ ಅದು ಕ್ರಮಿಸುವುದು 25 ಮೀಟರ್. ಇಲ್ಲಿ ಇಕ್ಕಟ್ಟೇ ಇಲ್ಲ, ಎಲ್ಲಿದ್ದರೂ ನಿಲ್ಲಬಹುದು ಅಥವಾ ಗೆರೆ ದಾಟಬಹುದು. ವೇಗ 50 ಆದರೆ ನಿಲ್ಲಲು 46 ಮೀಟರ್ ಬೇಕು, 3 ಸೆಕೆಂಡಿನಲ್ಲಿ ಕ್ರಮಿಸುವುದು 42 ಮೀಟರ್ ಮಾತ್ರ. ನಾಲ್ಕು ಮೀಟರಿನ ತುಂಡೊಂದು ಹುಟ್ಟಿಕೊಂಡಿತು. ವೇಗ 70ಕ್ಕೆ ಏರಿದರೆ ನಿಲ್ಲಲು 82 ಮೀಟರ್ ಬೇಕು, ಸಿಗುವ ಹಳದಿಯಲ್ಲಿ ಮುಟ್ಟುವುದು 58 ಮೀಟರ್. ನಡುವಿನ 24 ಮೀಟರಿನಲ್ಲಿ ಸಿಕ್ಕಿಕೊಂಡವನು ಏನು ಮಾಡಿದರೂ ತಪ್ಪೇ. ಒಂದೋ ಗಕ್ಕನೆ ಬ್ರೇಕ್ ಒತ್ತಿ ಹಿಂದಿನವನಿಂದ ಗುದ್ದಿಸಿಕೊಳ್ಳಬೇಕು, ಇಲ್ಲವೇ ಕೆಂಪಿನಲ್ಲಿ ನುಗ್ಗಬೇಕು.

ಈ ಸೂತ್ರದ ಪ್ರಕಾರ 30 ಕಿ.ಮೀ. ವೇಗಕ್ಕೆ ಎರಡೂವರೆ ಸೆಕೆಂಡಿನ ಹಳದಿ ಸಾಕು. 50ಕ್ಕೆ ಸುಮಾರು 3.3, 70ಕ್ಕೆ ಸುಮಾರು 4.2 ಸೆಕೆಂಡು ಬೇಕು. ಭರ್ತಿ ಮಾಲು ಹೇರಿದ ಟ್ರಕ್ಕಿನ ವೇಗ ಸೆಕೆಂಡಿಗೆ ಸುಮಾರು 7 ಕಿ.ಮೀ.ನಂತೆ ಇಳಿಯುತ್ತದೆ ಎಂದು ಹಿಡಿದರೆ, ಗಂಟೆಗೆ 50ರಲ್ಲಿ ಬರುವ ಆ ಟ್ರಕ್ಕಿಗೆ 62 ಮೀಟರ್ ದೂರವೂ ನಾಲ್ಕೂವರೆ ಸೆಕೆಂಡಿನ ಹಳದಿಯೂ ಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮಳೆ ಸುರಿಯುವ ಈ ಪಟ್ಟಿಯಲ್ಲಿ ಒದ್ದೆ ರಸ್ತೆಯೆಂಬುದು ಅಪವಾದವಲ್ಲ, ವರ್ಷದ ಮೂರನೇ ಒಂದು ಪಾಲು.

ಅಮೆರಿಕದಲ್ಲಿ ಹಳದಿಯನ್ನು ರಸ್ತೆಗೆ ತಕ್ಕಂತೆ 3ರಿಂದ 6 ಸೆಕೆಂಡಿನೊಳಗೆ ಇಡುತ್ತಾರೆ. ಬ್ರಿಟನ್ನಿನಲ್ಲಿ ಎಲ್ಲೆಡೆ 3 ಸೆಕೆಂಡು. ಯಾವ ಪದ್ಧತಿಯಾದರೂ ಆಗಲಿ, ಹಳದಿಯ ಅವಧಿಗೂ ಆ ರಸ್ತೆಯಲ್ಲಿ ಜನ ನಿಜವಾಗಿ ಓಡಿಸುವ ವೇಗಕ್ಕೂ ತಾಳೆ ಇರಬೇಕು.

ನಾಲ್ಕು ಊರು, ನಾಲ್ಕು ಹಳದಿ

ನಮ್ಮ ನಾಲ್ಕು ಊರುಗಳಿಗೆ ಈ ಲೆಕ್ಕವನ್ನು ಹಚ್ಚಿ ನೋಡಿದರೆ ಒಂದೊಂದೂ ಒಂದೊಂದು ಕತೆ ಹೇಳುತ್ತದೆ.

ಡೊಂಬಿವಲಿಯ ಫಡ್ಕೆ ರೋಡ್, ಟಿಳಕ್ ಚೌಕ್, ಸ್ಟೇಷನ್ ಸುತ್ತಲಿನ ಗಲ್ಲಿಗಳಲ್ಲಿ ಸಂಜೆ ಹೊತ್ತು 30 ಕಿ.ಮೀ. ವೇಗ ದೂರದ ಮಾತು. ಶೇರ್ ರಿಕ್ಷಾದಲ್ಲಿ ಚಾಲಕನ ಪಕ್ಕಕ್ಕೆ ಅಂಟಿಕೊಂಡು ಕೂತ ನಾಲ್ಕನೆಯ ಪ್ರಯಾಣಿಕ, ರಸ್ತೆಗೆ ಬಂದು ಕೂತ ತರಕಾರಿ ಬುಟ್ಟಿ, ಡಬಲ್ ಪಾರ್ಕಿಂಗ್. ಇಲ್ಲಿ ಹಳದಿಯಲ್ಲಿ ನಿಲ್ಲಲು ಭೌತಶಾಸ್ತ್ರದ ಯಾವ ಅಡ್ಡಿಯೂ ಇಲ್ಲ. ನಿಲ್ಲದವನು ನಿಲ್ಲಲು ಇಷ್ಟವಿಲ್ಲದೆ ನಿಲ್ಲುವುದಿಲ್ಲ, ಅಷ್ಟೆ. ಬಹುಕಾಲ ಸಿಗ್ನಲ್ಲಿಗಿಂತ ಹವಾಲ್ದಾರನ ಕೈ ಮತ್ತು ಸೀಟಿಯನ್ನೇ ನಂಬಿ ನಡೆದ ಊರು ಇದು. ಸೀಟಿ ಊದುವವನ ಕಣ್ಣಿಗೆ ಸಿಕ್ಕರೆ ನಿಲ್ಲುವುದು, ಇಲ್ಲದಿದ್ದರೆ ದಾಟುವುದು ಎಂಬ ಅಭ್ಯಾಸ ದೀಪ ಬಂದ ಮೇಲೂ ಉಳಿದುಕೊಂಡಿದೆ. ಡೊಂಬಿವಲಿಗೆ ಬೇಕಾದದ್ದು ಶಿಸ್ತು ಮತ್ತು ದಂಡ.

ಕಲ್ಯಾಣದ್ದು ಬೇರೆ ಸಂಗತಿ. ಕಲ್ಯಾಣ್–ಶೀಲ್ ರಸ್ತೆಯಲ್ಲಿ ಎಂಐಡಿಸಿಯ ಟ್ಯಾಂಕರು, ಕಂಟೇನರು, ಕೆಡಿಎಂಟಿ ಬಸ್ಸು, ಪಲಾವಾದ ಕಾರು, ಬೈಕು ಎಲ್ಲವೂ ಒಂದೇ ಹಾದಿಯಲ್ಲಿ. ಕಾಟೈ ನಾಕಾ ಅಥವಾ ಶೀಲ್ ಫಾಟಾದ ಕಡೆ ಬರುವಾಗ ಹಳದಿ ಬಿದ್ದರೆ ಬೈಕಿಗೆ ನಿಲ್ಲಲು ಸಾಕಾಗುವ ದೂರ ಅದರ ಬೆನ್ನಿಗಿರುವ ಟ್ರಕ್ಕಿಗೆ ಸಾಲುವುದಿಲ್ಲ. ಬೈಕಿನವನು ನಿಯಮ ಪಾಲಿಸಿ ನಿಂತರೆ ಅವನ ಬೆನ್ನಿಗೆ ಹದಿನೈದು–ಇಪ್ಪತ್ತು ಟನ್ ಬರುತ್ತಿದೆ. ಕನ್ನಡಿಯಲ್ಲಿ ಟ್ರಕ್ಕಿನ ಮುಖ ಕಂಡಾಗ ಬೈಕಿನವನು ಹಳದಿ ಹಾರಿಸುವುದು ಉಡಾಫೆಯಿಂದಲ್ಲ, ಜೀವಭಯದಿಂದ. ಇಂಥ ರಸ್ತೆಯಲ್ಲಿ ಹಳದಿಯನ್ನು ಕಾರಿಗೆ ಅಳೆಯದೆ ಟ್ರಕ್ಕಿಗೆ ಅಳೆಯಬೇಕು.

ಠಾಣೆಯ ತೊಂದರೆ ಅಗಲದ್ದು. ತೀನ್ ಹಾಥ್ ನಾಕಾ, ನಿತಿನ್ ಕಂಪನಿ, ಕ್ಯಾಡ್‌ಬರಿ, ಮಾಜಿವಾಡ, ಕಾಪುರ್‌ಬಾವಡಿ ಹೀಗೆ ಎಲ್ಲ ಕಡೆಯೂ ಹೆದ್ದಾರಿ ಮೇಲೆ ಹಾರಿಹೋದರೂ ಊರಿನ ವಾಹನಗಳೆಲ್ಲ ಫ್ಲೈಓವರ್‌ನ ಕೆಳಗಿನ ವಿಶಾಲ ಚೌಕಕ್ಕೇ ಬಂದು ಬೀಳುತ್ತವೆ. ಸರ್ವಿಸ್ ರೋಡುಗಳೂ ಅಲ್ಲಿಗೇ ಸೇರುತ್ತವೆ. 40 ಮೀಟರ್ ಅಗಲದ ಚೌಕವನ್ನು ಗಂಟೆಗೆ 20 ಕಿ.ಮೀ. ವೇಗದ ರಿಕ್ಷಾ ದಾಟಲು ಏಳು ಸೆಕೆಂಡು ಬೇಕು. ಹಳದಿಯ ಕೊನೆಯ ಗಳಿಗೆಯಲ್ಲಿ, ನಿಯಮದೊಳಗೇ ಗೆರೆ ದಾಟಿದ ರಿಕ್ಷಾ ಕೂಡ ಎದುರಿನವರಿಗೆ ಹಸಿರು ಬೀಳುವಾಗ ಚೌಕದ ನಟ್ಟನಡುವೆ ಇರುತ್ತದೆ. ಇದಕ್ಕೆ ಮದ್ದು ಹಳದಿಯನ್ನು ಹಿಗ್ಗಿಸುವುದಲ್ಲ. ಹಳದಿಯ ನಂತರ ಕೆಲವು ಸೆಕೆಂಡು ಎಲ್ಲ ದಿಕ್ಕಿಗೂ ಕೆಂಪನ್ನೇ ಹಿಡಿದಿಡಬೇಕು. ಎಂಜಿನಿಯರುಗಳು ಇದಕ್ಕೆ 'ಆಲ್ ರೆಡ್' ಎನ್ನುತ್ತಾರೆ. ಒಳಗೆ ಸಿಕ್ಕಿಕೊಂಡವರು ಹೊರಬೀಳಲು ಅದು ಕೊಡುವ ಉಸಿರು. ಮೆಟ್ರೊ 4ರ ಕಂಬಗಳೂ ಬ್ಯಾರಿಕೇಡುಗಳೂ ಘೋಡ್‌ಬಂದರ್ ರಸ್ತೆಯ ಜಂಕ್ಷನ್ನುಗಳ ಆಕಾರವನ್ನೇ ಬದಲಿಸಿವೆ, ಪಕ್ಕದಿಂದ ಬರುವ ವಾಹನವನ್ನು ಮರೆಮಾಡಿವೆ. ರಸ್ತೆಯ ಆಕಾರ ಬದಲಾದಾಗಲೆಲ್ಲ ಸಿಗ್ನಲ್ಲಿನ ಸೆಕೆಂಡುಗಳನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ನವಿ ಮುಂಬಯಿ ಕಾಗದದ ಮೇಲೆ ಮೊದಲು ಹುಟ್ಟಿದ ಊರು. 1970ರಲ್ಲಿ ನಗರ ಯೋಜನಾ ಸಂಸ್ಥೆ ಸಿಡ್ಕೊ ಶುರುವಾದಾಗ ಅಗಲ ರಸ್ತೆ, ನೋಡ್, ಸೆಕ್ಟರ್ ಎಂದು ಗೆರೆ ಎಳೆದೇ ಕಟ್ಟಿದರು. ಅದರ ಫಲವಾಗಿ ಸಿಕ್ಕದ್ದು ವೇಗ. ವಾಶಿಯಿಂದ ಬೇಲಾಪುರದವರೆಗೆ ಖಾಡಿಯ ಕಾಂಡ್ಲಾ ಕಾಡಿನ ಪಕ್ಕದಲ್ಲಿ ನೇರವಾಗಿ ಮಲಗಿರುವ ಪಾಮ್ ಬೀಚ್ ರಸ್ತೆಯಲ್ಲಿ ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಭಾರವಾಗುತ್ತದೆ. ಮೋರಾಜ್ ಸರ್ಕಲ್‌ನಲ್ಲಿ, ಎನ್‌ಆರ್‌ಐ ಕಾಂಪ್ಲೆಕ್ಸ್‌ನ ಕಡೆ, ಕಿಲ್ಲಾ ಜಂಕ್ಷನ್‌ನ ಬಳಿ ದೀಪ ಹಳದಿಯಾದಾಗ ಆ 24 ಮೀಟರಿನ ಇಕ್ಕಟ್ಟು ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. ಡೊಂಬಿವಲಿಯಲ್ಲಿ ಸಾಕಾಗುವ ಹಳದಿ ಇಲ್ಲಿ ಸಾಲುವುದಿಲ್ಲ. ಇಲ್ಲಿ ಮೊದಲು ವೇಗ ಇಳಿಯಬೇಕು. ವೇಗ ಇಳಿಯುವತನಕ ಹಳದಿ ಅದಕ್ಕೆ ತಕ್ಕಷ್ಟು ಉದ್ದವಿರಬೇಕು, ಜಂಕ್ಷನ್ನಿಗೆ ಸಾಕಷ್ಟು ಮೊದಲೇ 'ಮುಂದೆ ಸಿಗ್ನಲ್' ಎಂಬ ಸೂಚನೆ ಕಣ್ಣಿಗೆ ಹೊಡೆಯುವಂತಿರಬೇಕು.

ಸ್ಕೂಟರಿಗೆ ಈ ಗಡಿಗಳಿಲ್ಲ. ಎಂಎಚ್ 05 ನಂಬರ್ ಪ್ಲೇಟಿನ ಬೈಕು ಬೆಳಗ್ಗೆ ಡೊಂಬಿವಲಿಯ ಗಲ್ಲಿಯ ಅಭ್ಯಾಸವನ್ನು ಹೊತ್ತುಕೊಂಡೇ ಮಹಾಪೆಯ ಕಚೇರಿಗೆ ಹೋಗುತ್ತದೆ. ಎಂಎಚ್ 43ರ ಕಾರು ಪಾಮ್ ಬೀಚ್‌ನ ವೇಗವನ್ನು ಹೊತ್ತುಕೊಂಡು ಠಾಣೆಗೆ ಬರುತ್ತದೆ. ಮಹಾನಗರಪಾಲಿಕೆಗಳು ಮೂರು, ಪೊಲೀಸ್ ಕಮಿಷನರೇಟ್ ಎರಡು. ಕಲ್ಯಾಣ್–ಡೊಂಬಿವಲಿ ಠಾಣೆ ಕಮಿಷನರೇಟಿಗೆ ಸೇರಿದ್ದು, ನವಿ ಮುಂಬಯಿಯದು ಬೇರೆ. ಒಂದೇ ಪ್ರಯಾಣದ ಹಳದಿಗಳನ್ನು ಒಟ್ಟಿಗೆ ಕೂತು ನೋಡುವ ಮೇಜು ಮಾತ್ರ ಒಂದಾಗಬೇಕಿದೆ.

ಟೈಮರ್ ಎಂಬ ಎರಡಲಗಿನ ಕತ್ತಿ

ಸಿಗ್ನಲ್ಲಿನ ಪಕ್ಕದಲ್ಲಿ ಸೆಕೆಂಡು ಎಣಿಸುವ ಟೈಮರ್ ನಮಗೆಲ್ಲ ಇಷ್ಟ. ಎಂಜಿನ್ ಆಫ್ ಮಾಡಬಹುದು, ಫೋನ್ ನೋಡಬಹುದು, ಎಷ್ಟು ಹೊತ್ತು ಎಂಬ ಕಳವಳ ಇರುವುದಿಲ್ಲ. ಆದರೆ ಹಸಿರಿನ ಟೈಮರ್ 5, 4, 3 ಎಂದು ಇಳಿಯುತ್ತಿದ್ದಂತೆ ದೂರದಲ್ಲಿರುವ ಚಾಲಕ ಏನು ಮಾಡುತ್ತಾನೆ? ಹಳದಿಗೆ ಸಿದ್ಧನಾಗಿ ನಿಧಾನಿಸುವವರೂ ಇದ್ದಾರೆ. ಬಹಳ ಮಂದಿ ಲೆಕ್ಕ ಹಾಕಿ ವೇಗ ಏರಿಸುತ್ತಾರೆ. ಇನ್ನೊಂದು ಕಡೆ ಕೆಂಪಿನ ಟೈಮರ್ 3ಕ್ಕೆ ಬಂದಾಗ ನಿಂತವರು ಹೊರಟುಬಿಡುತ್ತಾರೆ. ಒಬ್ಬನ ಕೊನೆಯ ಮೂರು ಸೆಕೆಂಡು, ಇನ್ನೊಬ್ಬನ ಮೊದಲ ಮೂರು ಸೆಕೆಂಡು. ಎರಡು ಆತುರಗಳು ಒಂದೇ ಜಾಗದಲ್ಲಿ ಕೂಡುತ್ತವೆ. 'ಆಲ್ ರೆಡ್'ಗೆಂದು ಎಂಜಿನಿಯರ್ ಎತ್ತಿಟ್ಟ ಸೆಕೆಂಡುಗಳನ್ನು ಎರಡೂ ಕಡೆಯವರು ಹಂಚಿಕೊಂಡು ತಿಂದುಬಿಡುತ್ತಾರೆ.

ವಾಹನಗಳ ಒತ್ತಡ ನೋಡಿ ತಾನೇ ಸಮಯ ಹೊಂದಿಸಿಕೊಳ್ಳುವ ಹೊಸ ಬಗೆಯ ಸಿಗ್ನಲ್ಲುಗಳಲ್ಲಿ ಟೈಮರ್ ಇಡುವುದೇ ಕಷ್ಟ. ಹಸಿರು ಯಾವಾಗ ಮುಗಿಯುತ್ತದೆಂದು ಆ ಯಂತ್ರಕ್ಕೂ ಮೊದಲೇ ಗೊತ್ತಿರುವುದಿಲ್ಲ. ಬೆಂಗಳೂರಿನ ಹಲವು ಜಂಕ್ಷನ್ನುಗಳಿಗೂ ಇಂಥ ವ್ಯವಸ್ಥೆ ಬಂದಿದೆ. ಟೈಮರ್ ಕಾಣದೆ ಜನ ಗೊಣಗುತ್ತಾರೆ, ನಿಜ. ಸುರಕ್ಷತೆಯ ದೃಷ್ಟಿಯಿಂದ ನೋಡಿದರೆ, ಕೊನೆಯ ಸೆಕೆಂಡು ಕಾಣದಿರುವುದೇ ಕೆಲವೊಮ್ಮೆ ಒಳ್ಳೆಯದು. ಕಾಣದ ಕೊನೆಗೆ ಯಾರೂ ಪಂದ್ಯ ಕಟ್ಟುವುದಿಲ್ಲ.

ಹಿಂದಿನವನ ಹಾರ್ನ್

ಹಳದಿಗೆ ನಿಲ್ಲಬೇಕೆಂದು ಮನಸ್ಸಿರುವವನನ್ನೂ ನಿಲ್ಲಗೊಡದವನು ಒಬ್ಬನಿದ್ದಾನೆ. ಅವನು ಹಿಂದಿನ ವಾಹನದಲ್ಲಿ ಕೂತಿರುತ್ತಾನೆ. ಮುಂದಿನವನು ಹೋಗೇ ಹೋಗುತ್ತಾನೆ ಎಂಬ ನಂಬಿಕೆಯ ಮೇಲೆ ಅವನ ಕಾಲು ಆಗಲೇ ಆಕ್ಸಿಲರೇಟರ್ ಮೇಲಿದೆ. ನೀವು ನಿಂತಿರಿ ಎಂದರೆ ಮೊದಲು ಹಾರ್ನ್, ಆಮೇಲೆ ಪಕ್ಕಕ್ಕೆ ಬಂದು ಒಂದು ನೋಟ. ಹೊಸದಾಗಿ ಸ್ಕೂಟರ್ ಕಲಿತ ಹೆಣ್ಣುಮಕ್ಕಳು, ವಯಸ್ಸಾದವರು ಈ ಹಾರ್ನಿಗೆ ಹೆದರಿಯೇ ಹಳದಿ ದಾಟುತ್ತಾರೆ. ನಿಯಮ ಪಾಲಿಸುವವನೇ ಅಪರಾಧಿಯಂತೆ ಕಾಣುವ ರಸ್ತೆಯಲ್ಲಿ ನಿಯಮ ಬಹಳ ದಿನ ಬಾಳುವುದಿಲ್ಲ.

2020ರ ಆರಂಭದಲ್ಲಿ ಮುಂಬಯಿ ಪೊಲೀಸರು ಈ ಹಾರ್ನಿನ ಮೇಲೆ ಮಾಡಿದ ಒಂದು ತಮಾಷೆಯ ಪ್ರಯೋಗದ ವಿಡಿಯೊ ಹೊರಬಿಟ್ಟರು. ಕೆಲವು ಸಿಗ್ನಲ್ಲುಗಳಿಗೆ ಸದ್ದು ಅಳೆಯುವ ಮೀಟರ್ ಜೋಡಿಸಿ, ಗದ್ದಲ 85 ಡೆಸಿಬೆಲ್ ದಾಟಿದರೆ ಕೆಂಪಿನ ಟೈಮರ್ ಮತ್ತೆ ಮೊದಲಿನಿಂದ ಶುರುವಾಗುವಂತೆ ಮಾಡಿದ್ದರು. ಹೆಚ್ಚು ಹಾರ್ನ್ ಒತ್ತಿದಷ್ಟೂ ಹೆಚ್ಚು ಕಾಯಬೇಕು. ವಿಡಿಯೊ ದೇಶವಿದೇಶ ಸುತ್ತಿತು, ಜನ ನಕ್ಕರು. ಆತುರದಿಂದ ಲಾಭವಿಲ್ಲ ಎಂದು ತೋರಿಸಿದರೆ ಆತುರ ತಗ್ಗುತ್ತದೆ ಎಂಬ ವಿಚಾರ ಆ ನಗುವಿನೊಳಗಿತ್ತು. ಅದನ್ನು ಹಳದಿಗೂ ಅನ್ವಯಿಸಬಹುದು. ಹಳದಿ ಹಾರಿಸಿ ಉಳಿಸಿದ ಒಂದೂವರೆ ನಿಮಿಷವನ್ನು ಮುಂದಿನ ಸಿಗ್ನಲ್ಲಿನಲ್ಲಿ ನಿಂತು ತೆರುವ ದೃಶ್ಯ ಎಲ್ಲರೂ ನೋಡಿರುವಂಥದ್ದೇ. ಹಿಂದೆ ಉಳಿದವನು ಅಲ್ಲಿಗೇ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ.

ರಾತ್ರಿಯ ಮಿಣುಕು

ರಾತ್ರಿ ಹೊತ್ತಾದ ಮೇಲೆ ಅನೇಕ ಸಿಗ್ನಲ್ಲುಗಳು ಬರೀ ಹಳದಿಯನ್ನು ಮಿಣುಕಿಸುತ್ತ ನಿಲ್ಲುತ್ತವೆ. ನಿಧಾನಿಸಿ, ಎರಡೂ ಕಡೆ ನೋಡಿ, ಎಚ್ಚರದಿಂದ ದಾಟಿ ಎಂದು ಅದರ ಅರ್ಥ. ಚಾಲಕರು ಓದುವುದು 'ಸಿಗ್ನಲ್ ಬಂದ್, ಹೊಡಿ' ಎಂದು. ನಾಲ್ಕೂ ದಿಕ್ಕಿನವರು ಹಾಗೇ ಓದಿಕೊಂಡರೆ ಚೌಕದಲ್ಲಿ ಯಾರಿಗೂ ಕೆಂಪಿಲ್ಲ.

ಇದು ನಮ್ಮವರಿಗೆ ಹತ್ತಿರದ ವಿಷಯ. ಉಡುಪಿ–ಮಂಗಳೂರು ಕಡೆಯಿಂದ ಬಂದು ಈ ಊರುಗಳಲ್ಲಿ ಹೋಟೆಲು, ಕ್ಯಾಂಟೀನು, ಬಾರು ನಡೆಸುವವರೂ ಅಲ್ಲಿ ದುಡಿಯುವವರೂ ಮನೆಗೆ ಹೊರಡುವುದು ಗಲ್ಲಾ ಲೆಕ್ಕ ಮುಗಿದು, ಶಟರ್ ಎಳೆದ ಮೇಲೆ. ಆಗ ಮಧ್ಯರಾತ್ರಿ ದಾಟಿರುತ್ತದೆ. ಹದಿನಾಲ್ಕು ಗಂಟೆ ನಿಂತ ಕಾಲು, ಎಳೆಯುವ ಕಣ್ಣು, ಹೆಲ್ಮೆಟ್ ಹ್ಯಾಂಡಲಿನಲ್ಲಿ. ರಸ್ತೆ ಖಾಲಿ ಎಂಬ ಧೈರ್ಯ. ಅದೇ ಹೊತ್ತಿಗೆ ತುರ್ಭೆಯ ಎಪಿಎಂಸಿ ಮಾರುಕಟ್ಟೆಗೆ ತರಕಾರಿ–ಈರುಳ್ಳಿ ಟ್ರಕ್ಕುಗಳು ಬರುತ್ತಿರುತ್ತವೆ, ಕಾಲ್ ಸೆಂಟರಿನ ಕ್ಯಾಬುಗಳು ಓಡುತ್ತಿರುತ್ತವೆ. ಖಾಲಿ ರಸ್ತೆಯಲ್ಲಿ ವಾಹನ ಕಡಿಮೆ, ವೇಗ ಹೆಚ್ಚು. ಹಗಲಿನ ತಿಕ್ಕಾಟದಲ್ಲಿ ಬಂಪರ್ ಹೋಗುತ್ತದೆ, ರಾತ್ರಿಯ ಡಿಕ್ಕಿಯಲ್ಲಿ ಜೀವ ಹೋಗುತ್ತದೆ.

ಯಾರ ಜೀವ ಎಂಬುದನ್ನು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು, ಶೇ 19.5ರಷ್ಟು ಕಾಲ್ನಡಿಗೆಯವರು. ಜಂಕ್ಷನ್ನಿನಲ್ಲಿ ಹಳದಿ ಹಾರಿಸಿ ಬರುವ ಕಾರಿಗೆ ಪಕ್ಕದಿಂದ ಸಿಗುವವರು ಈ ಎರಡು ವರ್ಗದವರೇ. ಕೆಂಪು ಬಿತ್ತೆಂದು ನಂಬಿ ಪಾದಚಾರಿ ರಸ್ತೆಗೆ ಕಾಲಿಡುತ್ತಾನೆ. ಅವನ ಮಟ್ಟಿಗೆ ಹಳದಿಯೆಂಬುದೇ ಇಲ್ಲ, ಚಾಲಕನ ಮಾತನ್ನು ನಂಬುವುದೊಂದೇ ದಾರಿ.

ದಂಡಕ್ಕೂ ಒಂದು ನ್ಯಾಯ

ಕಾನೂನು ಸಡಿಲವಾಗಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಕೆಂಪು ದೀಪ ಹಾರಿಸುವುದನ್ನು ಹೆಸರಿಟ್ಟೇ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. 1,000ದಿಂದ 5,000 ರೂಪಾಯಿ ದಂಡ, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಕ್ಯಾಮೆರಾಗಳು ನಂಬರ್ ಪ್ಲೇಟ್ ಓದಿ ಇ-ಚಲನ್ ಕಳಿಸುತ್ತವೆ. ಆದರೆ ಚಲನ್ ಬರುವುದು ಬೇರೆ, ತೆರುವುದು ಬೇರೆ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಕಟ್ಟಲು ಸಾಲು ನಿಂತದ್ದು ನೆನಪಿರಬಹುದು. ರಿಯಾಯಿತಿ ಬಂದೇ ಬರುತ್ತದೆಂದು ಗೊತ್ತಾದ ಮೇಲೆ ದಂಡಕ್ಕೆ ಹೆದರುವವರು ಯಾರು? ಮಹಾರಾಷ್ಟ್ರದಲ್ಲೂ ಬಾಕಿ ಚಲನ್‌ಗಳು ಲೋಕ ಅದಾಲತ್‌ನ ದಾರಿ ಕಾಯುತ್ತವೆ. ದಂಡದ ಮೊತ್ತಕ್ಕಿಂತ ಅದು ತಪ್ಪದೆ, ತಡವಾಗದೆ ಬರುತ್ತದೆ ಎಂಬ ಖಾತ್ರಿಯೇ ಚಾಲಕನನ್ನು ತಿದ್ದುವುದು.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಮಾತಿದೆ. ಹಳದಿಯ ಲೆಕ್ಕ ತಪ್ಪಿದ್ದರೆ ಕ್ಯಾಮೆರಾ ನ್ಯಾಯವನ್ನಲ್ಲ, ಅನ್ಯಾಯವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ ಮಾಟ್ಸ್ ಯಾರ್ಲ್‌ಸ್ಟ್ರೋಮ್ ಎಂಬವರ ಹೆಂಡತಿಗೆ 2013ರಲ್ಲಿ ಕೆಂಪು ದೀಪದ ಕ್ಯಾಮೆರಾದಿಂದ ದಂಡದ ಚೀಟಿ ಬಂತು. ಯಾರ್ಲ್‌ಸ್ಟ್ರೋಮ್ ದಂಡ ಕಟ್ಟಿ ಸುಮ್ಮನಿರದೆ 1960ರ ಸೂತ್ರವನ್ನೇ ಕೈಗೆತ್ತಿಕೊಂಡರು. ತಿರುವು ತೆಗೆದುಕೊಳ್ಳುವ ವಾಹನ ವೇಗ ತಗ್ಗಿಸಲೇಬೇಕು, ಆ ಹೆಚ್ಚಿನ ಸಮಯ ಸೂತ್ರದಲ್ಲಿಲ್ಲ ಎಂದು ತೋರಿಸಿದರು. ಅದನ್ನು ಹೇಳಿಕೊಂಡು ತಿರುಗಿದ್ದಕ್ಕೆ, ಲೈಸೆನ್ಸ್ ಇಲ್ಲದೆ ಎಂಜಿನಿಯರಿಂಗ್ ಮಾಡಿದಿರಿ ಎಂದು ರಾಜ್ಯದ ಮಂಡಳಿ ಅವರಿಗೇ 500 ಡಾಲರ್ ದಂಡ ಹಾಕಿತು. ಅವರು ಕೋರ್ಟಿಗೆ ಹೋಗಿ 2018ರಲ್ಲಿ ಗೆದ್ದರು. 2020ರಲ್ಲಿ ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಅವರ ತಿದ್ದುಪಡಿಯನ್ನು ಸೇರಿಸಿಕೊಂಡಿತು. ಒಂದು ಚೀಟಿಯನ್ನು ಪ್ರಶ್ನಿಸಿದ ನಾಗರಿಕನಿಂದ ಅರುವತ್ತು ವರ್ಷದ ಸೂತ್ರ ಬದಲಾಯಿತು.

ಏನು ಮಾಡಬಹುದು

ಪಾಲಿಕೆಗಳೂ ಟ್ರಾಫಿಕ್ ಶಾಖೆಗಳೂ ಮಾಡಬೇಕಾದ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಡ. ಪ್ರತಿ ಜಂಕ್ಷನ್ನಿನಲ್ಲಿ ವಾಹನಗಳ ನಿಜವಾದ ವೇಗ ಅಳೆದು ಹಳದಿಯನ್ನು ನಿಗದಿ ಮಾಡುವುದು, ಚೌಕದ ಅಗಲಕ್ಕೆ ತಕ್ಕ 'ಆಲ್ ರೆಡ್' ಇಡುವುದು, ಮಳೆಗಾಲಕ್ಕೆ ಅರ್ಧ ಸೆಕೆಂಡು ಸೇರಿಸುವುದು, ಅಳಿಸಿಹೋದ ಬಿಳಿ ಗೆರೆಗೆ ಮತ್ತೆ ಬಣ್ಣ ಬಳಿಯುವುದು, ದೀಪಕ್ಕೆ ಅಡ್ಡ ಬಂದ ಕೊಂಬೆ ಮತ್ತು ನಾಯಕರ ಹುಟ್ಟುಹಬ್ಬದ ಬ್ಯಾನರ್ ತೆಗೆಸುವುದು. ಗೆರೆಯೇ ಕಾಣದ ಕಡೆ ಗೆರೆ ದಾಟಿದನೆಂದು ದಂಡ ಹಾಕುವುದರಲ್ಲಿ ಅರ್ಥವಿಲ್ಲ. ಇಷ್ಟು ಮಾಡಿದ ಮೇಲೂ ಹಾರಿಸುವವನಿಗೆ ಯಾವ ರಿಯಾಯಿತಿಯೂ ಬೇಡ.

ನಮ್ಮ ಸಂಘ–ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿತು, ಠಾಣೆಯಲ್ಲೂ ವಾಶಿಯಲ್ಲೂ ನಮ್ಮ ಸಂಘಗಳು ಯಕ್ಷಗಾನ, ರಾಜ್ಯೋತ್ಸವಗಳಿಗೆ ನೂರಾರು ಜನರನ್ನು ಸೇರಿಸುತ್ತವೆ. ಅದೇ ವೇದಿಕೆಯಲ್ಲಿ ಅರ್ಧ ಗಂಟೆ ಟ್ರಾಫಿಕ್ ಶಾಖೆಯ ಒಬ್ಬ ಅಧಿಕಾರಿಯನ್ನು ಕೂರಿಸಿ, ಹೋಟೆಲ್ ಹುಡುಗರನ್ನು ಮುಂದಿನ ಸಾಲಿಗೆ ಕರೆಯಿರಿ. ರಾತ್ರಿ ಮನೆಗೆ ಹೋಗುವ ಹುಡುಗನಿಗೆ ಮಾಲೀಕರು ಕೊಡುವ ಹೆಲ್ಮೆಟ್ ಮತ್ತು 'ನಿಧಾನ ಹೋಗು ಮಾರಾಯ' ಎಂಬ ಒಂದು ಮಾತು ಯಾವ ಕ್ಯಾಮೆರಾಗೂ ಕಡಿಮೆಯಲ್ಲ.

ಉಳಿದದ್ದು ಓದುಗರಾದ ನಿಮಗೆ. ಜಂಕ್ಷನ್ ಕಾಣುತ್ತಿದ್ದಂತೆ ಕಾಲನ್ನು ಆಕ್ಸಿಲರೇಟರಿನಿಂದ ತೆಗೆಯಿರಿ, ಕನ್ನಡಿಯಲ್ಲಿ ಹಿಂದಿನವನನ್ನು ಒಮ್ಮೆ ನೋಡಿಕೊಳ್ಳಿ. ಹಳದಿ ಬಿದ್ದಾಗ ನಿಲ್ಲಬಹುದಾದರೆ ನಿಲ್ಲಿ. ನಿಲ್ಲಲಾಗದಷ್ಟು ಹತ್ತಿರ ಬಂದಿದ್ದರೆ ಗಾಬರಿಯಾಗದೆ ಅದೇ ವೇಗದಲ್ಲಿ ದಾಟಿ. ನಿಮ್ಮ ಹಸಿರು ಬಿದ್ದಾಗ ಹೊರಡುವ ಮೊದಲು ಎರಡೂ ಕಡೆ ನೋಡಿ. ಮುಂದಿನವನು ಹಳದಿಗೆ ನಿಂತರೆ ಹಾರ್ನ್ ಒತ್ತಬೇಡಿ.

ಇನ್ನೂ ಒಂದು ಕೆಲಸ ಬಾಕಿಯಿದೆ. ನಿಮ್ಮ ಮನೆ ಹತ್ತಿರದ ಸಿಗ್ನಲ್ಲಿನ ಹಳದಿಯನ್ನು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಆ ಅವಧಿಯನ್ನು ಯಾವ ವೇಗಕ್ಕೆ, ಯಾವ ಲೆಕ್ಕದಿಂದ, ಯಾವ ವರ್ಷ ನಿಗದಿ ಮಾಡಿದಿರಿ, 'ಆಲ್ ರೆಡ್' ಎಷ್ಟು ಸೆಕೆಂಡು ಎಂದು ಪಾಲಿಕೆಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗೆ 30 ದಿನ.